ಆರು ವಾರ, ಮೂರು ಗೇರು

ಆರು ವಾರದಲ್ಲಿ ಮೂರನೆಯ ಸಲ ಆ ಕಾರನ್ನು ತಮ್ಮ ಹೊತ್ತು ತಂದು ಮೇಜಿನ ಮೇಲಿಟ್ಟಾಗ, ಅಕ್ಕ ಕನ್ನಡಕವನ್ನು ಹಣೆಗೇರಿಸಿ ನೋಡಿದ್ದು ಕಾರನ್ನಲ್ಲ, ಅವನನ್ನು. ರಿಮೋಟಿನಿಂದ ಓಡಿಸುವ ಆಟದ ಕಾರು ನಿಜ, ಆದರೆ ಅಂಗೈಯಲ್ಲಿ ಹಿಡಿಸುವಂಥದ್ದಲ್ಲ. ತೊಟ್ಟಿಲಷ್ಟು ಉದ್ದ, ಮೂರು ವರ್ಷದ ಮಗುವಿನಷ್ಟು ಭಾರ. ಇಂಥವುಗಳ ರಿಪೇರಿಯೇ ಅವಳ ಕಸುಬು. ಊರಿನ ಅರ್ಧ ಗಂಡಸರ ಹುಚ್ಚು ಅವಳ ಮೇಜಿನ ಮೇಲೆ ಬಂದು ಬಿಚ್ಚಿಕೊಳ್ಳುತ್ತಿತ್ತು.

"ಮತ್ತೆ ಹಿಂದಿನ ಗೇರಾ?"

"ಹೂಂ."

ಅವಳು ಸ್ಕ್ರೂ ಬಿಚ್ಚುತ್ತಲೇ ಬೈಯಲು ಶುರುಮಾಡಿದಳು. ನಲವತ್ತೈದು ದಾಟಿದರೂ ಹುಡುಗಾಟ ಬಿಟ್ಟಿಲ್ಲ, ಹೆಂಡತಿ ಮಕ್ಕಳ ಜೊತೆ ಕೂರಬೇಕಾದ ಭಾನುವಾರ ಮಧ್ಯಾಹ್ನವನ್ನೆಲ್ಲ ಮೈದಾನದ ಧೂಳಿಗೆ ಹಾಕುತ್ತೀಯ, ಹೋಗಲಿ ಅಂದರೆ ಕಾರನ್ನೂ ಉಳಿಸುವುದಿಲ್ಲ ಎಂದೆಲ್ಲ ಅಂದಳು. ಕಳೆದ ಸಲ ಅವಳೇ ಹಟ ಹಿಡಿದು ಉಕ್ಕಿನ ಗೇರು ಹಾಕಿದ್ದಳು. ಇದನ್ನು ಮುರಿಯಲು ಆನೆಯೇ ಬರಬೇಕು ಎಂದು ಕೊಚ್ಚಿಕೊಂಡಿದ್ದಳು ಬೇರೆ. ಈಗ ನೋಡಿದರೆ ಉಕ್ಕಿನ ನಾಲ್ಕು ಹಲ್ಲು ಹಾರಿಹೋಗಿವೆ, ಅದರ ಹಿಂದಿನ ಅಚ್ಚು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿದೆ. ತಮ್ಮ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡ.

ಅವಳಿಗೆ ಅರ್ಥವಾಗದ ಸಂಗತಿ ಬೇರೆಯೇ ಇತ್ತು. ಜೋರಾಗಿ ಓಡಿಸುವವರ ಗೇರು ಸವೆಯುತ್ತದೆ. ಹಲ್ಲು ದಿನದಿನಕ್ಕೂ ತೆಳ್ಳಗಾಗಿ, ಚೂಪಾಗಿ, ಕೊನೆಗೆ ಕೈಕೊಡುತ್ತದೆ. ಇವನ ಗೇರಿನಲ್ಲಿ ಉಳಿದ ಹಲ್ಲುಗಳು ಹೊಸದರಷ್ಟೇ ದಪ್ಪಗಿದ್ದವು. ಇವು ಸವೆದಿಲ್ಲ, ಏಟು ತಿಂದಿವೆ. ನಿಂತ ಕಾರಿಗೆ ಒಮ್ಮೆಲೇ ಪೂರ್ತಿ ವೇಗ ಕೊಟ್ಟಿದ್ದಾರೆ, ಅದೂ ಒಂದು ಸಲವಲ್ಲ, ನೂರು ಸಲ. ಹಾಗೆ ಕಣ್ಣುಮುಚ್ಚಿ ರಿಮೋಟಿನ ಟ್ರಿಗರ್ ಒತ್ತುವವನಲ್ಲ ಇವನು. ಕಟ್ಟಡದ ಕೆಲಸದಲ್ಲಿ ಕ್ರೇನ್ ನಡೆಸುವ ಇವನನ್ನು ಜೊತೆಯವರು ಕರೆಯುವುದೇ 'ಹೂಗೈ' ಎಂದು. ಟನ್‌ಗಟ್ಟಲೆ ಕಬ್ಬಿಣವನ್ನು ಸದ್ದಿಲ್ಲದೆ ಇಳಿಸುವ ಕೈ.

ರಿಮೋಟ್ ಕೆಟ್ಟಿರಬೇಕು ಎಂದು ತಮ್ಮ ಗೊಣಗಿದ. ಅವಳು ಅದನ್ನೂ ನೋಡಿಯೇಬಿಡೋಣವೆಂದು ಇನ್ನೊಂದು ಕಾರನ್ನು ಸ್ಟ್ಯಾಂಡಿಗೇರಿಸಿ, ಅದಕ್ಕೆ ಆ ರಿಮೋಟ್ ಹೊಂದಿಸಿ ಟ್ರಿಗರನ್ನು ಮೆಲ್ಲಗೆ ಒತ್ತಿದಳು. ಚಕ್ರವೂ ಅಷ್ಟೇ ಮೆಲ್ಲಗೆ ತಿರುಗಿತು, ರಿಮೋಟ್ ಸರಿಯಾಗಿಯೇ ಇತ್ತು. ತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ.

ಅಚ್ಚು ಬದಲಾಯಿಸಿ, ಹೊಸ ಗೇರು ಕೂರಿಸಿ, ಕೊನೆಗೆ ಮೋಟರಿನ ಚಿಕ್ಕ ಗೇರಿಗೂ ದೊಡ್ಡ ಗೇರಿಗೂ ನಡುವೆ ಅಂತರ ಹೊಂದಿಸಲು ಅವಳು ಎಂದಿನಂತೆ ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಹಲ್ಲುಗಳ ಮಧ್ಯೆ ತೂರಿಸಿದಳು. ಕಾಗದ ಇದ್ದಾಗ ಬಿಗಿ ಮಾಡಿ ಆಮೇಲೆ ತೆಗೆದರೆ, ಬೇಕಾದಷ್ಟೇ ಜಾಗ ಉಳಿಯುತ್ತದೆ. ಪಟ್ಟಿಯ ತುದಿಯನ್ನು ತಮ್ಮನ ಕೈಗೆ ಕೊಟ್ಟು, ಹೇಳುವ ತನಕ ಬಿಡಬೇಡ ಎಂದಳು. ಅವನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದುಕೊಂಡು ರಸ್ತೆ ನೋಡುತ್ತ ನಿಂತ. ಸ್ಕ್ರೂ ಬಿಗಿ ಮಾಡುವಾಗ ಅವಳ ಮೊಣಕೈ ತಗಲಿ ಚಕ್ರ ತಿರುಗಿತು. ಕಾಗದ ಅವನ ಬೆರಳಿನಿಂದ ಜಾರಿ, ಗೇರಿನೊಳಗೆ ನುಸುಳಿ, ಈಚೆ ಅವಳ ಮಡಿಲಿಗೆ ಬಿತ್ತು.

ತಮ್ಮನ ಬೆರಳುಗಳು ಹಾಗೆಯೇ ಇದ್ದವು, ಒಂದಕ್ಕೊಂದು ಒತ್ತಿಕೊಂಡು.

ಅವಳು ಆ ಬೆರಳುಗಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಹಿಡ್ಕೊಂಡಿದೀಯ?" ಎಂದು ಕೇಳಿದಳು.

"ಹಿಡ್ಕೊಂಡೇ ಇದೀನಲ್ಲ," ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ.

ಅವಳು ಅವನ ಆ ಎರಡು ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಆಗ ಅವನು ತಿರುಗಿ ನೋಡಿದ, ಅವಳ ಮಡಿಲಿನ ಕಾಗದವನ್ನೂ ನೋಡಿದ. ಸ್ಟೂಲು ಎಳೆದುಕೊಂಡು ಕೂತುಬಿಟ್ಟ. ಎರಡು ತಿಂಗಳಿಂದ ಹೀಗೆ ಎಂದ. ಬಲಗೈ ಬೆರಳು ಮೊದಲು ಜುಮ್ ಎನ್ನುತ್ತಿತ್ತಂತೆ, ಈಗ ಅದೂ ಇಲ್ಲವಂತೆ. ಡಾಕ್ಟರಿಗೆ ತೋರಿಸಿಲ್ಲ, ಹೆಂಡತಿಗೆ ಹೇಳಿಲ್ಲ. ಹೇಳಿದರೆ ಮೊದಲು ಕ್ರೇನಿನಿಂದ ಕೆಳಗಿಳಿಸುತ್ತಾರೆ, ಇಪ್ಪತ್ತೆರಡು ವರ್ಷದಿಂದ ಬೇರೆ ಯಾವ ಕೆಲಸವನ್ನೂ ಕಲಿತವನಲ್ಲ.

"ಇಷ್ಟಿದ್ದೂ ಈ ಕಾರನ್ನ ಹಾಗೆ ಜೋರಾಗಿ ಓಡಿಸ್ತೀಯಲ್ಲೋ," ಎಂದಳು. ಬೈಯಬೇಕೆಂದೇ ಬಾಯಿ ತೆರೆದಿದ್ದಳು, ಅವನ ಬೆರಳು ಮಾತ್ರ ಬಿಡಲಿಲ್ಲ.

"ಜೋರಾಗಿ ಓಡಿಸ್ತಿರಲಿಲ್ಲ ಅಕ್ಕ. ನಿಧಾನ ಓಡಿಸೋದನ್ನ ಕಲೀತಿದ್ದೆ. ಇರುವೆ ಥರ ಹೋಗಲಿ ಅಂತ ದಿನಾ ಸಂಜೆ ಒತ್ತಿ ಒತ್ತಿ ನೋಡ್ತಿದ್ದೆ. ಎಷ್ಟು ಒತ್ತಿದೀನಿ ಅಂತ ನನಗೇ ಗೊತ್ತಾಗ್ತಿರಲಿಲ್ಲ. ಅದು ಎಗರಿ ಓಡ್ತಿತ್ತು."

ನಾಳೆ ಏನು ಕೆಲಸ ಎಂದು ಕೇಳಿದಳು. ಮೂರನೆಯ ಅಂತಸ್ತಿಗೆ ತೊಲೆ ಏರಿಸಬೇಕು, ಆರು ಜನ ಕೆಳಗೆ ನಿಂತಿರುತ್ತಾರೆ ಎಂದ. ಅವಳು ಮುರಿದ ಗೇರನ್ನು ಎತ್ತಿಕೊಂಡು, ಬೆರಳಲ್ಲಿ ಒಮ್ಮೆ ತಿರುಗಿಸಿ, ಮೇಜಿನ ಮೇಲೆ ಅವನ ಮುಂದೆ ಇಟ್ಟಳು.

"ಇದು ಮುರಿದ್ರೆ ಇನ್ನೊಂದು ಹಾಕ್ಕೊಡ್ತೀನಿ ಕಣೋ," ಎಂದಳು. ಮುಂದಿನದನ್ನು ಹೇಳಲಿಲ್ಲ.

ತಮ್ಮ ಅದನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಎಡಗೈಯಲ್ಲಿ ಜೇಬಿನಿಂದ ಫೋನ್ ತೆಗೆದು, ಬಲಗೈ ಬೆರಳಿನಲ್ಲಿ ಸೂಪರ್‌ವೈಸರ್ ಹೆಸರು ಒತ್ತಹೋದ. ಯಾವುದೋ ಹೆಸರು ಬಂತು, ಅಳಿಸಿದ. ಮತ್ತೆ ಒತ್ತಿದ, ಮತ್ತೆ ಬೇರೆಯದು. ಕೊನೆಗೆ ಫೋನನ್ನು ಅವಳ ಕಡೆ ಚಾಚಿದ.

"ನೀನೇ ಒತ್ತಿಕೊಡಕ್ಕ," ಎಂದ. "ಹೇಳೋದು ನಾನೇ ಹೇಳ್ತೀನಿ."