ಹನ್ನೊಂದನೆಯ ಸಲ

ಹನ್ನೊಂದನೆಯ ಸಲ ಏಳುವಾಗ, ಎದೆಯ ಮೇಲೆ ಕಟ್ಟಿದ್ದ ಸರ್ವರಿಯ ಕೈ ಜಾರಿ ಮೊಣಕಾಲನ್ನು ಒತ್ತಿತು. ಸ್ನೇಹಲ್ ಹಾಳೆಯಲ್ಲಿ ಹತ್ತು ಎಂದು ಬರೆದಳು. ಅರ್ಧ ನಿಮಿಷದಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಎಂಬ ಪರೀಕ್ಷೆ ಅದು. ಮೂರು ತಿಂಗಳ ಹಿಂದೆ ಇದೇ ಬಳೆಗಾರ್ತಿ ಹದಿನಾಲ್ಕು ಸಲ ಎದ್ದಿದ್ದಳು. ಅವಳು ವ್ಯಾಯಾಮ ಮಾಡದ ಗುಂಪಿನವಳು; ಮಾಡಿದವರಿಗೂ ಮಾಡದವರಿಗೂ ಇಷ್ಟು ಅಂತರ ಬಂದರೆ ಸ್ನೇಹಲ್‌ಳ ಸಂಶೋಧನೆ ಗೆದ್ದಂತೆಯೇ. ಒಳಗೊಳಗೇ ಹಿಗ್ಗಿದ್ದಕ್ಕೆ ತನಗೇ ನಾಚಿಕೆಯಾಗಿ ಸ್ನೇಹಲ್ ಕೇಳಿದಳು, "ನಡುವ ಜ್ವರ ಬಂದಿತ್ತೇನ್ರಿ, ಖಾಲಾ?"

"ಇಲ್ಲ ಬೇಟಿ. ನಮ್ಮ ಗುಂಪಿನವರು ಕಸರತ್ತು ಮಾಡಬಾರ್ದು ಅಂತ ನೀವೇ ಹೇಳಿದ್ರಲ್ಲ. ಅವತ್ತೇ ಬಳಿ ಬುಟ್ಟಿ ಸೊಸಿಗಿ ಕೊಟ್ಟೆ. ಮಾರಲಿಕ್ಕಿ ಪಕ್ಕದ ಊರಿಗಿ ನಡಕೊಂಡು ಹೋಗೋದು ಬಿಟ್ಟೆ. ನೀರಿನ ಕೊಡ ಸುದ್ದಾ ಎತ್ತಿಲ್ರಿ."

ಹೊಸದೇನೂ ಶುರು ಮಾಡಬೇಡಿ, ದಿನದ ಕೆಲಸ ಮಾತ್ರ ಬಿಡಬೇಡಿ ಎಂದು ಹೇಳಬೇಕಿತ್ತು. ಬಸವಕಲ್ಯಾಣದ ಬಸ್ಸು ತಪ್ಪೀತೆಂಬ ಅವಸರದಲ್ಲಿ ಅವತ್ತು ಸ್ನೇಹಲ್ ಮೊದಲರ್ಧವನ್ನಷ್ಟೇ ಹೇಳಿ ಓಡಿದ್ದಳು.

ಬರೆದ ಅಂಕಿಯನ್ನು ಅವಳ ಅಂಗೈ ತಾನಾಗಿ ಮುಚ್ಚಿತು. ಸರ್ವರಿ ಎರಡೂ ಮೊಣಕಾಲು ಹಿಡಿದು ಮೆಲ್ಲಗೆ ಎದ್ದು, ಅವಳ ತಲೆ ಸವರಿದಳು.

"ನಿಮಗ ಬೇಕಾದಂಗ ಬಂತೇನ್ರಿ?"