ರಾಯಭಾರಿಯ ನಗು

ಸೂಕಿ ಬಾಯಲ್ಲಿ ಏನೋ ಬಚ್ಚಿಟ್ಟುಕೊಂಡಿದ್ದಾಳೆ. ಲವೀನಿಯಾಗೆ ಅನುಮಾನವೇ ಉಳಿಯಲಿಲ್ಲ.

ಔತಣದ ತಯಾರಿಯಲ್ಲಿ ಸಕ್ಕರೆಯ ಗಟ್ಟಿ ಯಾಕೋ ಬೇಗ ಸವೆಯುತ್ತಿತ್ತು. ವಸಂತದಲ್ಲಿ ಜ್ವರವೆಂದು ಮಲಗಿ ಎದ್ದ ಮೇಲೆ ಸೂಕಿಗೆ ಹೊಸ ಚಾಳಿಯೊಂದು ಅಂಟಿತ್ತು: ಯಾರಾದರೂ ಎದುರು ಬಂದರೆ ಏಪ್ರನ್ನಿನ ಅಂಚು ಬಾಯಿಗೆ. ತಟ್ಟೆಯಲ್ಲಿ ರೊಟ್ಟಿಯ ಗಟ್ಟಿ ಅಂಚೆಲ್ಲ ಹಾಗೇ ಬಿಟ್ಟಿರುತ್ತಿದ್ದಳು. ಸಿಹಿ ಕಂಡ ಬಾಯಿಗೆ ಒಣ ರೊಟ್ಟಿ ಸೇರೀತೇ?

ಇಬ್ಬರದೂ ಒಂದೇ ವಯಸ್ಸು. ಒಬ್ಬಳು ಮನೆಯ ಮಗಳು, ಇನ್ನೊಬ್ಬಳು ಮನೆಯ ಸ್ವತ್ತು. ಚಿಕ್ಕವರಿದ್ದಾಗ ಲವೀನಿಯಾಗೆಂದು ಹಿಕರಿ ಕಾಯಿಯನ್ನು ಕಚ್ಚಿ ಒಡೆಯಲು ಹೋಗಿ ಸೂಕಿ ತನ್ನ ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡಿದ್ದಳು. ತಿರುಳನ್ನು ಇವಳ ಕೈಗಿಟ್ಟು, ತುಟಿಯ ರಕ್ತ ಒರೆಸಿಕೊಂಡು ನಕ್ಕಿದ್ದಳು. ಅಂಥವಳು ಈಗ ಕಳ್ಳಿ.

ಅದೂ ಇಂಥ ದಿನ! ವರ್ಜೀನಿಯಾದ ದೊಡ್ಡ ಮನುಷ್ಯರೆಲ್ಲ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಹೊಸ ದೇಶದ ರಾಯಭಾರಿಯಾಗಿ ಅಪ್ಪ ಫ್ರಾನ್ಸಿಗೆ ಹೊರಟಿದ್ದರು. ಹಿಂದಿನ ವರ್ಷ ಶಾಸನಸಭೆಯಲ್ಲಿ ಅವರ ಬೊಚ್ಚು ಬಾಯಿಯ ಮಾತಿಗೆ ಜನ ನಕ್ಕಾಗ ಲವೀನಿಯಾ ನಾಚಿಕೆಯಿಂದ ತಲೆಯೆತ್ತಿರಲಿಲ್ಲ. ಚಳಿಗಾಲ ಕಳೆದ ಮೇಲೆ ಫಿಲಡೆಲ್ಫಿಯಾದ ವೈದ್ಯನೊಬ್ಬ ಬಂದು ಆನೆದಂತದಲ್ಲಿ ಹಲ್ಲು ಕಟ್ಟಿಕೊಟ್ಟು ಹೋದ. ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡುವ ಅಭ್ಯಾಸ ಮಾಡಿದ್ದ ಅಪ್ಪ, ಇಂದು ಮೊದಲ ಸಲ ನಾಲ್ಕು ಜನರ ಮುಂದೆ ಬಾಯಿ ತೆರೆಯಲಿದ್ದರು.

ಲವೀನಿಯಾ ಸೂಕಿಯನ್ನು ಉಗ್ರಾಣದ ಮೂಲೆಗೆ ಎಳೆದಳು.

"ಬಾಯಿ ತೆಗಿ."

"ಬೇಡ ಅಮ್ಮಣ್ಣಿ. ಮೊದಲು ನಿಮ್ಮ ಊಟ ಆಗ್ಲಿ."

"ಯಾಕೆ, ಕದ್ದಿದ್ದನ್ನ ನುಂಗೋಕೆ ಹೊತ್ತು ಬೇಕಾ?"

"ನನ್ನ ಬಾಯಲ್ಲಿ ಏನು ಉಳಿದಿದೆ ಅಂತ ನುಂಗ್ಲಿ?"

ಲವೀನಿಯಾ ಏಪ್ರನ್ನನ್ನು ಕಿತ್ತೆಳೆದಳು. ಮೇಲಿನ ಸಾಲಿನಲ್ಲಿ, ಮುಂದೆ, ಬರೀ ವಸಡು.

"ಸಕ್ಕರೆ ಮುಕ್ಕಿ ಮುಕ್ಕಿ ಹಲ್ಲೆಲ್ಲ ಉದುರಿಸ್ಕೊಂಡಿದ್ದೀಯಲ್ಲೇ! ನಾಚ್ಕೆ ಆಗಲ್ವಾ? ನಾಳೆಯಿಂದ ಹೊಗೆಸೊಪ್ಪಿನ ಹೊಲಕ್ಕೆ ಹೋಗಿ ಬಗ್ಗು. ಅಪ್ಪಂಗೆ ಈಗ್ಲೇ ಹೇಳ್ತೀನಿ."

"ಹೇಳಿ ಅಮ್ಮಣ್ಣಿ," ಸೂಕಿ ಮತ್ತೆ ಬಾಯಿ ಮುಚ್ಚಿಕೊಂಡಳು. "ಧಣಿಗಳಿಗೆ ಎಲ್ಲಾ ಗೊತ್ತು."

ಲವೀನಿಯಾ ಊಟದ ಮನೆಗೆ ಬರುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದರು. "ನಾವು ಕೇಳೋದು ನಮ್ಮದನ್ನ ಮಾತ್ರ," ಎನ್ನುತ್ತಿದ್ದರು. "ಇನ್ನೊಬ್ಬರದ್ದು ನಮಗೆ ಬೇಡ." ಒಂದಕ್ಷರವೂ ತೊದಲಲಿಲ್ಲ.

"ಹಲ್ಲು ಕಿತ್ತ ಹಾವನ್ನ ಕಳಿಸ್ತಿದ್ದಾರೆ ಅಂತ ಆಡ್ಕೊಂಡವರೆಲ್ಲ ಈಗ ನೋಡ್ರಪ್ಪ!" ನೆರೆಯ ಕ್ರಾಫ್ಟ್ ಮೇಜು ಗುದ್ದಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಲವೀನಿಯಾ ಹೆಮ್ಮೆಯಿಂದ ಅಪ್ಪನ ಪಕ್ಕಕ್ಕೆ ಹೋಗಿ ಬಾಗಿದಳು. "ಅಪ್ಪಾ, ನಮ್ಮ ಸೂಕಿ..."

ಅಪ್ಪ ಅವಳತ್ತ ತಿರುಗಿ ಬಾಯಿ ತುಂಬ ನಕ್ಕರು. ಕಿಟಕಿಯ ಬಿಸಿಲು ಆ ನಗುವಿನ ಮೇಲೆ ಬಿತ್ತು.

ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು.