ಮೇಲಿನ ಮಹಡಿಯ ಮೀಟಿಂಗು

"ಸೂಟಿ ಕೊಡ್ತೀರೋ ಇಲ್ಲೋ, ಅದೊಂದು ಹೇಳ್ರಿ ಸರ್!"

ಅಕ್ಷಯ ಮೇಜಿನ ಮೇಲಿನ ಸ್ಪೀಕರ್ ಫೋನಿಗೆ ಹೀಗೆ ಕೂಗಿದಾಗ ಸುತ್ತ ಕೂತಿದ್ದ ಐವರೂ ತಲೆ ತಗ್ಗಿಸಿದರು. ಫೋನು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಮ್ಯಾನೇಜರ್ ದತ್ತಾತ್ರೇಯರ ದನಿ ಬೆಣ್ಣೆಯ ಹಾಗೆ ಜಾರಿ ಬಂತು.

"ಛಲೋ ಪ್ರಶ್ನೆ. ಇದನ್ನ ಎಲ್ಲಾ ಕಡೆಯಿಂದ ನೋಡಬೇಕಾಗ್ತದ."

ದತ್ತಾತ್ರೇಯರು ಕೂರುವುದು ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಹದಿನೆಂಟು ಮೆಟ್ಟಿಲು ಇಳಿದರೆ ಮುಖ ನೋಡಿ ಮಾತಾಡಬಹುದು. ಆದರೆ ಅಮೆರಿಕಕ್ಕೆ ಒಂದು ವಾರ ಹೋಗಿ ಬಂದಮೇಲೆ ಅವರಿಗೆ ಫೋನಿನಲ್ಲಿ ಮೀಟಿಂಗು ಮಾಡುವ ಹುಚ್ಚು ಹಿಡಿದಿತ್ತು. ಪ್ರತಿ ಬುಧವಾರ ಹನ್ನೊಂದಕ್ಕೆ ಫೋನು ರಿಂಗಾಗುತ್ತದೆ. ತಂಡದ ಆರೂ ಜನ ಕನ್ನಡದವರಾದ್ದರಿಂದ ಕೊರೆತವೂ ಕನ್ನಡದಲ್ಲೇ. ಪ್ರಶ್ನೆ ಕೇಳಿ ಉಸಿರೆಳೆಯುವಷ್ಟು ನಿಲ್ಲುತ್ತಾರೆ, ಉತ್ತರ ಬಂದರೂ ಬಾರದಿದ್ದರೂ ಮುಂದೆ ಹೋಗುತ್ತಾರೆ. ಅದಕ್ಕೇ ಎಷ್ಟೋ ವಾರಗಳಿಂದ ಯಾರೂ ಬಾಯಿ ಬಿಟ್ಟಿರಲಿಲ್ಲ.

ಇವತ್ತು ಅಕ್ಷಯನಿಗೆ ಬಾಯಿ ಬಿಡದೆ ಗತಿಯಿರಲಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟವನು, ಕೋಚಿಂಗ್ ಸೆಂಟರುಗಳ ಅಮೀರ್‌ಪೇಟೆಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತು ಹೇಗೋ ಈ ಕಂಪನಿಯ ಒಳಗೆ ಬಂದವನು. ರಜೆ ಕೇಳದೆ ಊರಿಗೆ ಹೋದರೆ ಕೆಲಸ ಹೋಗುತ್ತದೆ. ಹೋಗದಿದ್ದರೆ ಹುಡುಗಿ ಹೋಗುತ್ತಾಳೆ.

"ಎಲ್ಲಾ ಕಡೆಯಿಂದ ಏನ್ ನೋಡ್ತೀರಿ? ನಾಳೆ ಗುಲ್ಬರ್ಗಾದಾಗ ನನ್ನ ನಿಶ್ಚಿತಾರ್ಥ ಐತ್ರಿ! ಎರಡ್ ಸರ್ತಿ ಮುಂದ ಹಾಕೀವಿ!"

"ಹೌದು. ಆದ್ರ ಗಡಿಬಿಡಿ ಮಾಡಿದ್ರ ಗುಣಮಟ್ಟ ಕೆಡ್ತದ."

"ಗುಣಮಟ್ಟ ಏನ್ರಿ? ಹುಡುಗೀನ್ನ ನೋಡಿ ಒಪ್ಪೀನಿ!"

"ಒಪ್ಪಿದ ಮ್ಯಾಲೂ ಬದಲಾವಣೆ ಬಂದೇ ಬರ್ತಾವ. ತಯಾರ್ ಇರಬೇಕು."

ಪಕ್ಕದಲ್ಲಿದ್ದ ಪ್ರಿಯಂವದಾ ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡಳು. "ಅಕ್ಷಯಾ, ಸಂಸಾರದ ಬಗ್ಗೆ ಸರ್‌ಗೆ ಭಾಳ ಗೊತ್ತದ ನೋಡೋ."

ಅಕ್ಷಯನ ಕಿವಿ ಕೆಂಪಾಯಿತು. "ಹುಡುಗಿ ಅಪ್ಪ ಕಲ್ಯಾಣಪ್ಪನವರು ಸಾಫ್ ಹೇಳ್ಯಾರ್ರಿ! ಈ ಸರ್ತಿ ತಪ್ಪಿದ್ರ ಬ್ಯಾರೆ ವರ ನೋಡ್ತಾರಂತ!"

ಫೋನು ಉಸಿರೆಳೆಯುವಷ್ಟು ನಿಂತಿತು.

"ಆ ರಿಸ್ಕು ನಾವು ತಗೋಬೇಕು."

"ನಾವು ಅಂದ್ರ ಯಾರ್ರಿ?"

"ಎಲ್ಲಾರೂ ಸೇರಿ."

ಪ್ರಿಯಂವದಾ ಮೇಜಿಗೆ ಹಣೆಯಿಟ್ಟು ನಕ್ಕಳು. ಉಳಿದವರಿಗೂ ತಡೆಯಲಾಗಲಿಲ್ಲ. ಅಷ್ಟು ನಗು ಕೇಳಿದರೂ ಆ ದನಿ ಒಂದಿಷ್ಟೂ ಅಲುಗಲಿಲ್ಲ. "ಹಿಂಗ ಮುಕ್ತವಾಗಿ ಮಾತಾಡ್ರಿ, ನನಗ ಖುಷಿ ಆಗ್ತದ" ಎಂದಿತು.

ಅಕ್ಷಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಬಸ್ಸು ಎರಡಕ್ಕೆ. ಕೆಲಸ ಹೋದರೆ ಹಾಳಾಗಿ ಹೋಗಲಿ, ಈ ಮನುಷ್ಯನ ಮುಖದ ಮೇಲೆ ನಾಲ್ಕು ಮಾತು ಆಡಿಯೇ ಹೋಗಬೇಕು.

"ಎಲ್ಲಿಗೆ ಹೊಂಟಿ? ಹುಚ್ಚಗಿಚ್ಚ ಹಿಡದದೇನು?" ಪ್ರಿಯಂವದಾ ಗಾಬರಿಯಿಂದ ಕೇಳಿದಳು.

"ಮುಕ್ತವಾಗಿ ಮಾತಾಡಾಕ!"

ಹದಿನೆಂಟು ಮೆಟ್ಟಿಲನ್ನು ಆರೇಳು ನೆಗೆತಕ್ಕೆ ಹತ್ತಿದ. ಬಾಗಿಲ ಆಚೆಯಿಂದ ಅದೇ ಬೆಣ್ಣೆಯ ದನಿ. ಬೈಗುಳವನ್ನು ನಾಲಿಗೆಯ ತುದಿಗೆ ತಂದುಕೊಂಡು, ತಟ್ಟದೆಯೇ ಬಾಗಿಲು ನೂಕಿದ.

ಕುರ್ಚಿ ಖಾಲಿ. ಅದರ ಬೆನ್ನಿಗೆ ದತ್ತಾತ್ರೇಯರ ಟೈ ನೇತಾಡುತ್ತಿತ್ತು. ಮೇಜಿನ ಮೇಲೆ ಫೋನಿನ ರಿಸೀವರು ಮಲಗಿತ್ತು. ಅದರ ಬಾಯಿಗೆ ಒತ್ತಿಟ್ಟ ಟೇಪ್ ರೆಕಾರ್ಡರು "ಇನ್ನೊಂದು ಮುಖ್ಯವಾದ ಮಾತು" ಎನ್ನುತ್ತಿತ್ತು. ಪಕ್ಕದ ಕ್ಯಾಸೆಟ್ ಡಬ್ಬಿಯ ಮೇಲೆ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಬುಧವಾರ. ಎರಡೂ ಬದಿ.'

ಮೊದಲ ಬದಿ ಮುಗಿಯುವವರೆಗೂ ಅಕ್ಷಯ ಅಲ್ಲೇ ಕಾದ. ಆಮೇಲೆ ಕ್ಯಾಸೆಟ್ ತಿರುವಿ ಹಾಕಿ, ಗುಂಡಿ ಒತ್ತಿ, ಬಸ್ಸಿಗೆ ಓಡಿದ.